ಖಾಲಿ ಕುರ್ಚಿಯ ರೆಕಾರ್ಡು

ಸಾವಿರದ ಒಂಬೈನೂರ ಎಪ್ಪತ್ತೆರಡನೆಯ ಇಸವಿ ಜುಲೈ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲರ ಬಸ್ಸಿನ ಮೇಲಿಂದ ಇಳಿಸಿದ ಎರಡು ಮರದ ಪೆಟ್ಟಿಗೆಗಳಲ್ಲಿ ನೂರ ಹದಿನೇಳು ಗ್ರಾಮಫೋನ್ ರೆಕಾರ್ಡುಗಳಿದ್ದವು. ಒತ್ತಿಸಿದ್ದು ನೂರಿಪ್ಪತ್ತು, ಮೂರು ದಾರಿಯ ಬಿಸಿಲಿಗೆ ಬಾಗಿಹೋಗಿದ್ದವು. ಎಣಿಸಿದವನು ನಾನು. ಆ ಕಾಲದಲ್ಲಿ ನಮ್ಮ ಊರಿನಲ್ಲಿ ಏನನ್ನಾದರೂ ಎಣಿಸುವುದಿದ್ದರೆ ಹೈಸ್ಕೂಲಿನ ಹೆಡ್‌ಮಾಸ್ಟರನಾಗಿದ್ದ ನನ್ನನ್ನು ಕರೆಯುತ್ತಿದ್ದರು. ನಾನು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ ನೋಡುವ ಪದ್ಧತಿ ಇರಲಿಲ್ಲ.

ರೆಕಾರ್ಡುಗಳು ಬ್ಯಾಂಡ್‌ಸೆಟ್ಟಿನ ಇನ್ನಾಸಪ್ಪನವು. ಮದುವೆಯ ಮೆರವಣಿಗೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಮನುಷ್ಯ. ಹರೆಯದಲ್ಲಿ ನಾಲ್ಕು ವರ್ಷ ಯಾವುದೋ ಬಂದರಿನ ಹೋಟೆಲಿನಲ್ಲಿ ನುಡಿಸಿಕೊಂಡಿದ್ದು, ಅಲ್ಲಿಗೆ ಬರುತ್ತಿದ್ದ ಹಡಗಿನವರಿಂದ ಜಾಝ್ ಎಂಬುದನ್ನು ಕಲಿತು ಬಂದಿದ್ದ. ಈ ರೆಕಾರ್ಡನ್ನು ಯಾವ ಕಂಪನಿಯೂ ಹಾಕಿದ್ದಲ್ಲ. ತಾನೇ ಟೇಪು ಹೊತ್ತುಕೊಂಡು ಹೋಗಿ, ತಾನೇ ನಿಂತು ಒತ್ತಿಸಿಕೊಂಡು ಬಂದದ್ದು. ಹೊದಿಕೆಯ ಮೇಲೆ ಹೆಸರಿರಲಿಲ್ಲ. ಕೈಗಳಿರುವ ಒಂದು ಮರದ ಕುರ್ಚಿಯ ಫೋಟೋ ಮಾತ್ರ ಇತ್ತು. ಕುರ್ಚಿಯಲ್ಲಿ ಯಾರೂ ಕುಳಿತಿರಲಿಲ್ಲ. ಹಿಂಬದಿಯಲ್ಲಿ ನುಡಿಸಿದ ನಾಲ್ವರ ಹೆಸರು, ಅದರ ಕೆಳಗೆ ಐದನೆಯದಾಗಿ ‘ಧ್ವನಿ: ಎಂ. ಶ್ರೀಕಂಠಯ್ಯ, ಹೆಡ್‌ಮಾಸ್ಟರ್’ ಎಂದು ಅಚ್ಚಾಗಿತ್ತು. ಅದು ನಾನು.

“ಮೊದಲನೇದು ನಿಮಗೆ, ಮೇಷ್ಟ್ರೇ,” ಎಂದು ಇನ್ನಾಸಪ್ಪ ಪೆಟ್ಟಿಗೆಯ ಮೇಲಿನದನ್ನೇ ತೆಗೆದು ಕೊಟ್ಟ.

“ನಾನು ಯಾವಾಗಯ್ಯ ಹಾಡಿದೆ?”

“ಹಾಡಿಲ್ಲ. ಓದಿದೀರಿ. ಪೂರ್ತಿ ಕೇಳಿ, ಮೇಷ್ಟ್ರೇ. ಪೂರ್ತಿ ಕೇಳಿದ್ರೆ ಸಾಕು.”

ನಮ್ಮ ಊರಿನಲ್ಲಿ ಆಡಿದ ಮಾತು ಆಡಿದ ಜಾಗಕ್ಕೆ ಹತ್ತೊಂಬತ್ತನೆಯ ದಿನ, ಅದೇ ಗಳಿಗೆಗೆ, ಒಂದು ಸಲ ಹಿಂದಿರುಗುತ್ತದೆ. ಗೋಡೆಯಾಚೆ ಯಾರೋ ಆಡಿದಷ್ಟು ಮೆತ್ತಗೆ, ಆದರೆ ಒಂದಕ್ಷರವನ್ನೂ ಬಿಡದೆ. ಮರುದನಿಗೆ ಮತ್ತೆ ಮರುದನಿಯಿಲ್ಲ. ಆದ್ದರಿಂದ ನಮ್ಮಲ್ಲಿ ದಾಯಾದಿಗಳು ಕಾಲುವೆ ದಾಟಿ ಹೋಗಿ ಜಗಳವಾಡುತ್ತಾರೆ. ಕಾಲುವೆಯ ಆಚೆಗೆ ಈ ಬಾಧೆಯಿಲ್ಲ. ಹೊಟ್ಟೆನೋವಿಗೆ ಅತ್ತ ಮಗುವನ್ನು ತಾಯಿ ಹತ್ತೊಂಬತ್ತನೆಯ ರಾತ್ರಿ ಬೇರೆ ಕೋಣೆಯಲ್ಲಿ ಮಲಗಿಸುತ್ತಾಳೆ. ಮದುವೆಯಾದ ಹತ್ತೊಂಬತ್ತನೆಯ ದಿನ ಚಪ್ಪರವಿಲ್ಲದ ಅಂಗಳದಲ್ಲಿ ವಾಲಗ ಮತ್ತೊಮ್ಮೆ ಕೇಳಿಸುವಾಗ ಬೀಗರು ಬಂದು ಹೋಳಿಗೆ ಉಂಡು ಹೋಗುತ್ತಾರೆ. ಬಾಡಿಗೆಗೆ ಹೊಸದಾಗಿ ಬಂದವರು ಮೊದಲ ಹತ್ತೊಂಬತ್ತು ದಿನ ಹಳೆಯ ಬಾಡಿಗೆದಾರರ ಸಂಸಾರವನ್ನು ಕೇಳಿಸಿಕೊಳ್ಳುತ್ತಾರೆ. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ. ಒಮ್ಮೆ ಮರುದನಿ ಬಂದು ಹೋಯಿತೆಂದರೆ ಆ ಮಾತು ಮುಗಿಯಿತು. ಆಮೇಲೆ ಅದನ್ನು ಎತ್ತುವವನನ್ನು ಮರ್ಯಾದಸ್ಥರು ಮನೆಗೆ ಸೇರಿಸುವುದಿಲ್ಲ.

ಶಾಲೆಯ ಪದ್ಧತಿಯೂ ಇದಕ್ಕೆ ಹೊಂದಿಕೊಂಡಿತ್ತು. ಹತ್ತನೆಯ ತರಗತಿಯ ಅಂಕಗಳನ್ನು ಹೆಡ್‌ಮಾಸ್ಟರು ಶಾಲೆಯ ಹಾಲಿನಲ್ಲಿ ಗಟ್ಟಿಯಾಗಿ ಓದಬೇಕು: ಹೆಸರು, ಆರು ವಿಷಯಗಳ ಅಂಕ, ಒಟ್ಟು. ಮೊದಲ ಸಲ ಮಕ್ಕಳು ಪಾಸೋ ಫೇಲೋ ಎಂಬುದನ್ನಷ್ಟೇ ಕೇಳುತ್ತಾರೆ. ಹತ್ತೊಂಬತ್ತನೆಯ ದಿನ ಪೆನ್ಸಿಲು ಹಿಡಿದು ಬಂದು ಕೂಡಿ ನೋಡುತ್ತಾರೆ. ಓದಿದವನು ವೇದಿಕೆಯ ಕುರ್ಚಿಯಲ್ಲಿ ಅಂಕಪುಸ್ತಕ ಬಿಚ್ಚಿಕೊಂಡು ಕುಳಿತಿರಬೇಕು. ತಕರಾರಿದ್ದರೆ ಮರುದನಿ ಮುಗಿಯುವುದರೊಳಗೆ ಎದ್ದು ಅವನಿಗೆ ಹೇಳಬೇಕು. ಇಲ್ಲದಿದ್ದರೆ ‘ಒಪ್ಪಿದೆ’ ಎಂದು ಹೇಳಿ ತಮ್ಮ ಸಾಲಿನೆದುರು ಸಹಿ ಹಾಕಬೇಕು.

ಎಪ್ಪತ್ತೆರಡರ ಏಪ್ರಿಲ್ ಹನ್ನೆರಡರಂದು ನಾನು ಅರವತ್ತಮೂರು ಮಕ್ಕಳ ಅಂಕಗಳನ್ನು ಓದಿದೆ. ಅದೇ ದಿನ, ನನ್ನ ಓದು ಮುಗಿದ ಮೇಲೆ, ಹತ್ತೂಕಾಲಿಗೆ ಇನ್ನಾಸಪ್ಪ ಮೂವರನ್ನು ಕಟ್ಟಿಕೊಂಡು ಬಂದು ಅದೇ ಹಾಲಿನಲ್ಲಿ ಇಪ್ಪತ್ತು ನಿಮಿಷ ನುಡಿಸಿದ. ಹತ್ತೊಂಬತ್ತು ದಿನ ಬಿಟ್ಟು ಬಂದು, ಹಿಂದಿರುಗಿದ ತನ್ನ ನುಡಿಸಾಣಿಕೆಯ ಜೊತೆಗೇ ಮತ್ತೆ ನುಡಿಸಿ, ಎರಡನ್ನೂ ಟೇಪಿಗೆ ಹಿಡಿಯುವುದು ಅವನ ಉದ್ದೇಶ. ಮೇ ಒಂದಕ್ಕೆ ಶಾಲೆಯ ಹಾಲ್ ಬೇಕೆಂದು ಕೇಳಿದ. ನಾನು ಕೀಲಿಕೈ ಕೊಟ್ಟೆ.

“ಆವತ್ತು ಹತ್ತರಿಂದ ನಿಮ್ಮ ತಾಳೆ ಇರತ್ತಲ್ಲ, ಮೇಷ್ಟ್ರೇ?”

“ತಾಳೆ ನೋಡುವುದೇನಿದೆ? ಇಪ್ಪತ್ತೆರಡು ವರ್ಷವಾಯಿತು, ಒಂದು ತಕರಾರು ಬಂದಿಲ್ಲ. ನಾನು ಬರುವುದಿಲ್ಲ. ನನ್ನ ದನಿ ಮುಗಿದ ಮೇಲೆ ನಿನ್ನ ಗಲಾಟೆ ಶುರುಮಾಡಿಕೊ.”

ಅಂಕಪುಸ್ತಕದಲ್ಲಿ ಮಕ್ಕಳು ಸಹಿ ಹಾಕುವ ಮನೆಗಳ ಮೇಲೆ ಅರವತ್ತಮೂರು ಸಾಲಿಗೂ ಸೇರಿಸಿ ಉದ್ದಕ್ಕೆ ಒಂದು ಗೆರೆ ಎಳೆದು ‘ತಾಳೆಯಾಗಿದೆ’ ಎಂದು ಬರೆದು ಮುಂಚಿತವಾಗಿಯೇ ಸಹಿ ಹಾಕಿದೆ. ಯಾವ ಪೋಷಕರೂ ಆಕ್ಷೇಪಿಸಲಿಲ್ಲ. ಮೇಷ್ಟ್ರ ಲೆಕ್ಕ ತಪ್ಪುವುದುಂಟೇ ಎಂದರು.

ರೆಕಾರ್ಡು ಬಂದ ಮೇಲೆ ಊರು ಅದನ್ನು ಕೇಳಿ ದಿಕ್ಕುತಪ್ಪಿತು. ತಾಳ ಹಾಕಲು ಹೋದ ಭಜನೆಯವರ ಕೈ ಗಾಳಿಯಲ್ಲೇ ನಿಂತಿತು. ಮೊದಲಿಗೆ ಡ್ರಮ್ಮು, ಒಂದು ತುತ್ತೂರಿ, ಅವುಗಳ ನಡುವೆ ನಾನು ಅಂಕ ಓದುವುದು. ಆಮೇಲೆ ಎಲ್ಲಿಂದಲೋ ಸ್ಯಾಕ್ಸೊಫೋನ್ ಎದ್ದು, ಯಾರನ್ನೋ ಹೆಸರು ಹಿಡಿದು ಕರೆದು ಉತ್ತರ ಬಾರದೆ ಮತ್ತೆ ಕರೆಯುವಂತೆ ಕೂಗುತ್ತಿತ್ತಂತೆ. ಮನೆಯಲ್ಲಿ ಒಮ್ಮೆ ಹಾಕಿದರೆ ಹತ್ತೊಂಬತ್ತನೆಯ ದಿನ ಅಕ್ಕಪಕ್ಕದವರಿಗೂ ಇನ್ನೊಮ್ಮೆ ಕೇಳುವ ಶಿಕ್ಷೆ. ಕ್ಷೌರದ ಅಂಗಡಿಯ ಮಾದಯ್ಯ, “ಮೇಷ್ಟ್ರ ಮಗ್ಗಿಗೆ ದೆವ್ವ ಹಿಡಿದದೆ,” ಎಂದನಂತೆ. ಆ ಮಾತೂ ಹತ್ತೊಂಬತ್ತು ದಿನಕ್ಕೆ ಹಿಂದಿರುಗಿತು. ಆಗ ನಾನು ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಅವನ ಮುಂದೆಯೇ ಕುಳಿತಿದ್ದೆ.

ನಾನೂ ಕೇಳಿದೆ. ಇಪ್ಪತ್ತು ಮಕ್ಕಳ ಅಂಕದವರೆಗೆ, ಅಂದರೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಡ್ರಮ್ಮಿನ ಏಟು ಐದಕ್ಕೆ ಬೀಳುವುದೋ ಏಳಕ್ಕೆ ಬೀಳುವುದೋ ಎಂದು ಕಾಗದದ ಮೇಲೆ ಗೀಟು ಹಾಕುತ್ತಾ ಹೋದೆ. ಒಮ್ಮೆ ಐದು, ಒಮ್ಮೆ ಹನ್ನೊಂದು, ಒಮ್ಮೆ ಏನೂ ಇಲ್ಲ. ನನ್ನ ಅಂಕಗಳಿಗೆ ತಮಟೆ ಬಡಿದು ಮೆರವಣಿಗೆ ಮಾಡಿಸಿದ್ದಾನೆ ಎನ್ನಿಸಿತು. ಮುಳ್ಳನ್ನು ಎತ್ತಿದೆ. ರೆಕಾರ್ಡನ್ನು ಹೊದಿಕೆಗೆ ಹಾಕಿ, ಪಂಚಾಂಗಗಳ ಹಿಂದೆ ನಿಲ್ಲಿಸಿದೆ. ಆಮೇಲೆ ಇನ್ನಾಸಪ್ಪ ಎದುರಾದಾಗ ಕೇಳಿದ:

“ಕೇಳಿದ್ರಾ ಮೇಷ್ಟ್ರೇ?”

“ಕೇಳಿದೆ.”

“ಪೂರ್ತಿ?”

“ನನಗೆ ಬೇರೆ ಕೆಲಸವಿಲ್ಲವೇನಯ್ಯ?”

ಅವನು ತಲೆಯಾಡಿಸಿ ಹೋದ. ಇನ್ನೊಮ್ಮೆ ಕೇಳಲಿಲ್ಲ. ಮದುವೆಗಳಲ್ಲಿ ನುಡಿಸುತ್ತಲೇ ಮುದುಕನಾಗಿ ಹನ್ನೊಂದು ವರ್ಷದ ಹಿಂದೆ ತೀರಿಕೊಂಡ. ಅವನ ಮಗಳು ಲೂರ್ದುಮೇರಿ ಎಪ್ಪತ್ತೆರಡರ ಆ ಅರವತ್ತಮೂರು ಮಕ್ಕಳಲ್ಲಿ ಮೂವತ್ತೈದನೆಯವಳು. ಒಟ್ಟು ಇನ್ನೂರ ಹತ್ತು ಬಂದರೆ ಪಾಸು; ಅವಳಿಗೆ ಇನ್ನೂರಾರು. ನರ್ಸ್ ತರಬೇತಿಗೆ ನಮ್ಮ ಶಾಲೆಗೆ ವರ್ಷಕ್ಕೊಂದು ಸೀಟಿತ್ತು, ಅದನ್ನು ಅವಳು ಕೇಳಿಯೂ ಇದ್ದಳು. ಮರುವರ್ಷ ಪರೀಕ್ಷೆಗೆ ಕೂರಬಹುದಿತ್ತು, ಕೂರಲಿಲ್ಲ. ಹುಡುಗಿಗೆ ಕೊಬ್ಬು ಎಂದುಕೊಂಡೆ. ಅಪ್ಪನ ಮನೆಯಲ್ಲೇ ಉಳಿದು ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡುವುದನ್ನು ಕಲಿತಳು. ಈಗ ಸುತ್ತಲಿನ ನಾಲ್ಕು ಊರುಗಳ ಕ್ಲಾರಿನೆಟ್ಟು, ತುತ್ತೂರಿಗಳು ಅವಳ ಜಗುಲಿಗೆ ಬರುತ್ತವೆ.

ಈ ವರ್ಷ, ಎರಡು ಸಾವಿರದ ಮೂರನೆಯ ಇಸವಿ ಫೆಬ್ರವರಿ ಒಂಬತ್ತರ ಭಾನುವಾರ, ದಿವಾಕರ ಶೆಣೈ ಎಂಬ ಅಪರಿಚಿತರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಮೂವತ್ತೈದರ ಆಸುಪಾಸು; ದೊಡ್ಡ ನಗರದವರು. ಹಳೆಯ ರೆಕಾರ್ಡುಗಳನ್ನು ಕೂಡಿಡುವುದು ಅವರ ಹವ್ಯಾಸವಂತೆ. ಚೀಲದಿಂದ ಕುರ್ಚಿಯ ಚಿತ್ರದ ರೆಕಾರ್ಡನ್ನು ದೇವರ ಪಟ ತೆಗೆಯುವಂತೆ ತೆಗೆದರು.

“ಸಾರ್, ಶ್ರೀಕಂಠಯ್ಯ ಅಂದ್ರೆ ನೀವೇನಾ? ಧ್ವನಿ?”

“ಹೌದು.”

ಅವರು ಎದ್ದು ಕಾಲಿಗೆ ನಮಸ್ಕರಿಸಿದರು. ಏಕೆಂದು ನನಗೆ ತಿಳಿಯಲಿಲ್ಲ. ಈ ರೆಕಾರ್ಡು ಈಗ ಪ್ರಪಂಚದಲ್ಲಿ ಒಂಬತ್ತೋ ಹತ್ತೋ ಉಳಿದಿರಬಹುದೆಂದೂ, ಇದನ್ನು ಹುಡುಕುವ ಜನ ದೂರದೇಶಗಳಲ್ಲಿ ಇದ್ದಾರೆಂದೂ ಹೇಳಿದರು. ಆಮೇಲೆ ಧ್ವನಿ ತಗ್ಗಿಸಿ ಕೇಳಿದರು:

“ಏಳನೇ ನಿಮಿಷದಲ್ಲಿ ನೀವು ಬೇಕಂತಲೇ ಲೆಕ್ಕ ತಪ್ಪಿಸ್ತೀರಲ್ಲ, ಸಾರ್, ಆ ಐಡಿಯಾ ನಿಮ್ಮದಾ, ಇನ್ನಾಸಪ್ಪನವರದಾ?”

“ನಾನು ಲೆಕ್ಕ ತಪ್ಪುವವನಲ್ಲ.”

“ಅದಕ್ಕೇ ಅದು ಅಷ್ಟು ಚೆನ್ನಾಗಿರೋದು. ಅಲ್ಲೀವರೆಗೆ ಮೂವತ್ತನಾಲ್ಕು ಲೆಕ್ಕ, ಎಲ್ಲ ಸರಿ. ನಾವು ಕೂತು ಕೂಡಿ ನೋಡಿದೀವಿ. ಮೂವತ್ತೈದನೇದು ಮಾತ್ರ ಹತ್ತು ಕಡಿಮೆ. ಆ ಒಟ್ಟು ಬಂದು ಅರ್ಧ ನಿಮಿಷ ಆಗೋದ್ರೊಳಗೆ ಸ್ಯಾಕ್ಸೊಫೋನ್ ಶುರುವಾಗತ್ತೆ, ಕಳೆದುಹೋದ ಹತ್ತನ್ನ ಹುಡುಕ್ಕೊಂಡು ಹೊರಟ ಹಾಗೆ. ಇದರ ಮೇಲೆ ನಮ್ಮವರು ಲೇಖನ ಬರೆದಿದಾರೆ, ಸಾರ್. ತಪ್ಪು ಮಾಡೋ ಧೈರ್ಯ ಅಂತ.”

ನನಗೆ ಅವರು ಹೇಳಿದ ಒಂದು ವಾಕ್ಯವೂ ಇನ್ನೊಂದರ ಪಕ್ಕ ಕೂರಲಿಲ್ಲ. ಹಾಕಿ ಎಂದೆ. ಚಿಕ್ಕದೊಂದು ಯಂತ್ರ ಅವರ ಬಳಿಯೇ ಇತ್ತು. ನಲವತ್ತೈದರ ಪ್ರಾಯದ ನನ್ನ ದನಿ, ಎಲ್ಲಿಯೂ ತಡವರಿಸದ ದನಿ, ನಡುಮನೆಯಲ್ಲಿ ಓದಲು ತೊಡಗಿತು. ಹಿಂದೆ ನಾನು ಮುಳ್ಳೆತ್ತಿದ್ದ ಜಾಗವನ್ನು ದಾಟಿತು. ಅಲ್ಲಿಂದ ಎರಡು ನಿಮಿಷ ಐವತ್ತು ಸೆಕೆಂಡಿಗೆ ಬಂತು: “ಲೂರ್ದುಮೇರಿ ಇನ್ನಾಸಪ್ಪ. ಮೂವತ್ತೆಂಟು, ಮೂವತ್ತೊಂದು, ಮೂವತ್ತು, ನಲವತ್ತೇಳು, ಮೂವತ್ತಾರು, ಮೂವತ್ತನಾಲ್ಕು. ಒಟ್ಟು ಇನ್ನೂರಾರು.”

ಬಿಡಿಸ್ಥಾನ ಇಪ್ಪತ್ತಾರು. ಆರು ಇಟ್ಟು ದಶಕ ಎರಡು. ಹತ್ತರ ಸ್ಥಾನ ಹತ್ತೊಂಬತ್ತು, ಎರಡು ಸೇರಿ ಇಪ್ಪತ್ತೊಂದು. ಇನ್ನೂರ ಹದಿನಾರು. ಎರಡರ ಬದಲು ಒಂದು ದಶಕ ಒಯ್ದಿದ್ದೆ. ಐದನೆಯ ತರಗತಿಯ ಮಕ್ಕಳು ಮಾಡಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ ತಪ್ಪು.

ಸ್ಯಾಕ್ಸೊಫೋನ್ ಎದ್ದಿತು. ಶೆಣೈಯವರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಹೊದಿಕೆಯನ್ನು ಕನ್ನಡಕದ ಹತ್ತಿರ ಹಿಡಿದು ಕುರ್ಚಿಯನ್ನು ನೋಡಿದೆ. ಎಡಗೈಯ ತುದಿಯಲ್ಲಿ ಮರ ಸೀಳಿತ್ತು. ಹಾಲಿನ ವೇದಿಕೆಯ ಮೇಲಿನ ನನ್ನ ಕುರ್ಚಿಯ ಎಡಗೈಯೂ ಹಾಗೆಯೇ ಸೀಳಿತ್ತು. ಎಪ್ಪತ್ತೆರಡರ ಹೊತ್ತಿಗೇ ಇಪ್ಪತ್ತೆರಡು ವರ್ಷ ನನ್ನ ಅಂಗಿಯ ತೋಳಿಗೆ ಅದು ತಾಗಿತ್ತು.

ಮರುದಿನ ಬೆಳಿಗ್ಗೆ ಲೂರ್ದುಮೇರಿಯ ಜಗುಲಿಗೆ ಹೋದೆ. ಅವಳಿಗೀಗ ನಲವತ್ತೇಳು. ಕ್ಲಾರಿನೆಟ್ಟಿನ ತೂತು ಮುಚ್ಚುವ ಬಿಲ್ಲೆಗಳಿಗೆ ತೊಗಲು ಅಂಟಿಸುತ್ತಾ ಕುಳಿತಿದ್ದವಳು ಎದ್ದು ಮಣೆ ಸರಿಸಿದಳು. ನಾನು ಕೂರಲಿಲ್ಲ.

“ನಿನ್ನ ಒಟ್ಟು ಇನ್ನೂರ ಹದಿನಾರು,” ಎಂದೆ.

“ಹೂಂ, ಗೊತ್ತು ಮೇಷ್ಟ್ರೇ.”

“ಎಂದಿನಿಂದ ಗೊತ್ತು?”

“ಆ ಮೇ ಒಂದರಿಂದ. ಪೆನ್ಸಿಲ್ ಹಿಡ್ಕೊಂಡು ಬಂದಿದ್ದೆ. ಹಾಲಲ್ಲಿ ನಮ್ಮಪ್ಪ, ಆ ಮೂರು ಜನ, ನಾನು. ಅಪ್ಪ ಮೆಷಿನ್ ಪರೀಕ್ಷೆ ಮಾಡಕ್ಕೆ ಅಂತ ಹತ್ತಕ್ಕೇ ಟೇಪ್ ಬಿಟ್ಟಿದ್ರು. ಡ್ರಮ್ಮಿನವರು ಸುಮ್ನೆ ಕೈ ಆಡಿಸ್ತಿದ್ರು. ನನ್ನ ಹೆಸರು ಬಂತು. ಕೂಡ್ದೆ. ಅಪ್ಪನ ಕಿವೀಲಿ, ‘ಅಪ್ಪಾ, ಹತ್ತು ಕಮ್ಮಿ ಹೇಳಿದಾರೆ,’ ಅಂದೆ.”

“ಅವನೇನೆಂದ?”

“‘ಎದ್ದು ಹೇಳು,’ ಅಂದ್ರು. ಎದ್ದೆ. ಯಾರಿಗೆ ಹೇಳೋದು, ಮೇಷ್ಟ್ರೇ? ಕುರ್ಚಿ ಖಾಲಿ ಇತ್ತಲ್ಲ.”

ಅವಳು ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

“ಅಪ್ಪ ಆ ಕುರ್ಚಿನ ನೋಡಿದ್ರು. ಸ್ಯಾಕ್ಸೊಫೋನ್ ಎತ್ಕೊಂಡು ಅದರ ಎದುರಿಗೆ ಹೋಗಿ ನಿಂತ್ರು. ನುಡಿಸಿದ್ರು. ನಿಮ್ಮ ದನಿ ಮುಗಿಯೋವರೆಗೂ ಬಿಡಲಿಲ್ಲ. ಹತ್ತೂಕಾಲಿಗೆ ಅವರ ಹಳೇ ನುಡಿಸಾಣಿಕೆ ಬಂತು ನೋಡಿ, ಆಗ ಅವರಿಗೆ ಉಸಿರೇ ಇರಲಿಲ್ಲ. ಸುಮ್ನೆ ಕೂತು ಕೇಳಿದ್ರು. ರೆಕಾರ್ಡಿನ ಎರಡನೇ ಮಗ್ಗುಲಲ್ಲಿ ಇರೋದು ಅಷ್ಟೇ, ಕೇಳಿಸಿಕೊಳ್ಳೋದು.”

“ನನ್ನ ಮನೆಗೆ ಬಂದು ಹೇಳಬಹುದಿತ್ತು.”

“ಮರುದನಿ ಹೋದ ಮಾತನ್ನಾ? ನಮ್ಮನ್ನ ನೀವು ಹೊಸ್ತಿಲು ದಾಟಿಸ್ತಿದ್ರಾ? ಮೊದಲನೇ ರೆಕಾರ್ಡು ನಿಮ್ಮ ಕೈಗೇ ಕೊಟ್ರಲ್ಲ ಅಪ್ಪ. ಇನ್ನು ಹೆಂಗೆ ಹೇಳ್ಬೇಕಿತ್ತು?”

ನಾನು ಮಣೆಯ ಮೇಲೆ ಕುಳಿತೆ. ಮರುವರ್ಷ ಪರೀಕ್ಷೆಗೆ ಏಕೆ ಕೂರಲಿಲ್ಲ ಎಂದು ಕೇಳಿದೆ.

“ಪಾಸಾದ ಪರೀಕ್ಷೆಗೆ ಇನ್ನೊಂದು ಸಲ ಯಾಕ್ ಕೂರ್ಲಿ?” ಎಂದಳು.

ನನಗೆ ತಿಳಿದಿದ್ದ ಪರಿಹಾರ ಒಂದೇ. ಭಾನುವಾರ ಬೆಳಿಗ್ಗೆ ಏಳೂವರೆಗೆ ಹಾಲಿನಲ್ಲಿ ಸರಿಯಾದ ಒಟ್ಟನ್ನು ಓದುತ್ತೇನೆ, ಬಾ ಎಂದೆ. ಅವಳು ಗೋಂದಿನ ಬಟ್ಟಲನ್ನು ಮುಚ್ಚುತ್ತಾ ಹೇಳಿದಳು: “ಮೊದಲನೇ ಸಲದ್ದು ಕೇಳಿಯಾಗಿದೆ. ಎರಡನೇದಕ್ಕೆ ಬರ್ತೀನಿ.”

ಫೆಬ್ರವರಿ ಹದಿನಾರರಂದು ಈಗಿನ ಹೆಡ್‌ಮಿಸ್ಟ್ರೆಸ್ ಕೀಲಿಕೈಯನ್ನೂ ಎಪ್ಪತ್ತೆರಡರ ಅಂಕಪುಸ್ತಕವನ್ನೂ ಕೊಟ್ಟರು. ಏತಕ್ಕೆಂದು ಕೇಳಲಿಲ್ಲ, ಮುದುಕರ ಹುಚ್ಚು ಎಂದುಕೊಂಡಿರಬೇಕು. ಖಾಲಿ ಹಾಲಿನಲ್ಲಿ ನಿಂತು ಒಂದು ಹೆಸರು, ಆರು ಅಂಕ, ಒಂದು ಒಟ್ಟು ಓದಿದೆ. ಹನ್ನೆರಡು ಸೆಕೆಂಡಿನ ಕೆಲಸ. ನನಗೆ ಇಪ್ಪತ್ತೊಂದು ಹಿಡಿಯಿತು.

ನಡುವೆ ಫೆಬ್ರವರಿ ಇಪ್ಪತ್ತೆಂಟು ಬಂತು. ಶೆಣೈಯವರು ರೆಕಾರ್ಡಿನ ಎರಡೂ ಮಗ್ಗುಲು ಹಾಕಿ ಕೇಳಿಸಿದ ಹತ್ತೊಂಬತ್ತನೆಯ ದಿನ. ನನ್ನ ನಡುಮನೆ ನನ್ನದೇ ದನಿಯಲ್ಲಿ ಇನ್ನೂರಾರು ಎಂದಿತು. ಎದ್ದು ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಈ ಸಲ ಎರಡು ಮಗ್ಗುಲನ್ನೂ ಪೂರ್ತಿ ಕೇಳಿದೆ. ತಾಳ ಎಲ್ಲಿ ಬೀಳುತ್ತದೆಂಬುದು ಈಗಲೂ ನನಗೆ ಸಿಕ್ಕಲಿಲ್ಲ. ಎರಡನೆಯ ಮಗ್ಗುಲಿನಲ್ಲಿ ದೂರದಿಂದೆಂಬಂತೆ ಬರುವ ವಾದ್ಯಗಳ ಹಿಂದೆ, ಹತ್ತಿರದಲ್ಲಿ, ಓಡಿ ಬಂದವನಂತೆ ಒಬ್ಬ ಮನುಷ್ಯ ಏದುಸಿರು ಬಿಡುವುದು ಕೇಳಿಸಿತು. ಶೆಣೈಯವರು ಅದನ್ನು ರೆಕಾರ್ಡಿನ ದೋಷವೆಂದು ಹೇಳಿದ್ದರು.

ಮಾರ್ಚ್ ಏಳು, ಶುಕ್ರವಾರ. ಬೆಳಿಗ್ಗೆ ಏಳಕ್ಕೇ ಹೋಗಿ ವೇದಿಕೆಯ ಕುರ್ಚಿಯಲ್ಲಿ ಅಂಕಪುಸ್ತಕ ಬಿಚ್ಚಿಕೊಂಡು ಕುಳಿತೆ. ಎಡಗೈಯ ಸೀಳಿಗೆ ಯಾರೋ ತಂತಿ ಸುತ್ತಿದ್ದರು. ಏಳೂ ಇಪ್ಪತ್ತೆಂಟಕ್ಕೆ ಲೂರ್ದುಮೇರಿ ಬಂದಳು. ಕೈಯಲ್ಲಿ ಪೆನ್ಸಿಲೂ ಒಂದು ತುಂಡು ಕಾಗದವೂ ಇದ್ದವು. ಹಿಂದಿನ ಬೆಂಚೊಂದರಲ್ಲಿ ಕುಳಿತಳು.

ಏಳೂವರೆಗೆ ದನಿ ಬಂತು. ಎಪ್ಪತ್ತಾರು ವರ್ಷದವನ ದನಿ. ನಲವತ್ತೇಳರ ಹತ್ತಿರ ಒಮ್ಮೆ ಉಗುಳು ನುಂಗಿತು. ಅವಳು ಅಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡಳು. ಒಟ್ಟು ಬರುವ ಮೊದಲೇ ಗೆರೆ ಎಳೆದು ಕೂಡಿದಳು. ದನಿ ಇನ್ನೂರ ಹದಿನಾರು ಎಂದು ಹೇಳಿ ನಿಂತಿತು.

ನಾನು ಅಂಕಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದೆ. ಎಪ್ಪತ್ತೆರಡರಲ್ಲಿ ಎಳೆದಿದ್ದ ಉದ್ದ ಗೆರೆಯನ್ನು ಮೂವತ್ತೈದನೆಯ ಸಾಲಿನಲ್ಲಿ ಹೊಡೆದುಹಾಕಿ, ಸಹಿಯ ಮನೆಯನ್ನು ಖಾಲಿ ಮಾಡಿಟ್ಟಿದ್ದೆ. ಲೇಖನಿಯ ಮುಚ್ಚಳವನ್ನೂ ತೆಗೆದಿಟ್ಟಿದ್ದೆ. ಅವಳು ಎದ್ದು ವೇದಿಕೆಯ ಹತ್ತಿರ ಬಂದು ಪುಸ್ತಕವನ್ನು ನೋಡಿದಳು, ಕುರ್ಚಿಯನ್ನು ನೋಡಿದಳು.

“ಕೇಳಿಸಿಕೊಂಡೆ, ಮೇಷ್ಟ್ರೇ,” ಎಂದಳು.

ಕಾಗದವನ್ನು ನಾಲ್ಕಾಗಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು. ಬಾಗಿಲಿನವರೆಗೆ ಚಪ್ಪಲಿಯ ಸದ್ದು ಕೇಳಿಸಿತು. ನಾನು ಕರೆಯಲಿಲ್ಲ. ಕರೆದರೆ ಏನೆಂದು ಕೇಳಬೇಕಿತ್ತೋ ನನಗೆ ತಿಳಿಯಲಿಲ್ಲ.

ಕಿವಿ ಮೊದಲಿನಷ್ಟು ಚುರುಕಿಲ್ಲ. ಅವಳು ಹೋಗುತ್ತಾ, ಬಾಗಿಲ ಬಳಿಯಲ್ಲಿ, ಮೆಲ್ಲಗೆ ಇನ್ನೊಂದು ಮಾತು ಹೇಳಿರಬಹುದು, ನನಗೆ ಕೇಳಿಸದೆ ಹೋಗಿರಬಹುದು ಎಂಬ ಸಂಶಯ ಉಳಿಯಿತು. ಆದ್ದರಿಂದ ನಿನ್ನೆ, ಮಾರ್ಚ್ ಇಪ್ಪತ್ತಾರರ ಬೆಳಿಗ್ಗೆ, ಮತ್ತೆ ಕೀಲಿಕೈ ಇಸಿದುಕೊಂಡು ಹೋದೆ. ಈ ಸಲ ಕುರ್ಚಿಯನ್ನು ವೇದಿಕೆಯಿಂದ ಇಳಿಸಿ ಬಾಗಿಲ ಪಕ್ಕಕ್ಕೆ ತಂದುಕೊಂಡು ಕುಳಿತೆ. ಏಳೂವರೆ ದಾಟಿ ಒಂದು ನಿಮಿಷಕ್ಕೆ, “ಕೇಳಿಸಿಕೊಂಡೆ, ಮೇಷ್ಟ್ರೇ,” ಎಂಬ ಮಾತು ವೇದಿಕೆಯ ಕಡೆಯಿಂದ ಬಂತು. ಕಾಗದ ಮಡಚಿದ ಸದ್ದು ಬಂತು. ಚಪ್ಪಲಿಗಳು ನನ್ನ ಹತ್ತಿರಕ್ಕೆ ಬಂದವು. ಎಣಿಸಿದೆ, ಇಪ್ಪತ್ತಮೂರು ಹೆಜ್ಜೆ. ಬಾಗಿಲಲ್ಲಿ ಒಂದು ಕ್ಷಣ ನಿಂತವು. ನಾನು ಚೆನ್ನಾಗಿ ಕೇಳುವ ಕಿವಿಯನ್ನು ಅತ್ತ ತಿರುಗಿಸಿದೆ. ಹೊಸ್ತಿಲು ದಾಟಿ ಹೋದವು.

ಸಹಿಯ ಮನೆಯಲ್ಲಿ ‘ಬಾಕಿ’ ಎಂದು ಬರೆದು, ತಾರೀಖು ಹಾಕಿ, ಅಂಕಪುಸ್ತಕವನ್ನು ಹಿಂದಕ್ಕೆ ಕೊಟ್ಟು ಬಂದೆ.